ಗುಡ್ಡ ಜಾರುವುದು ಮಳೆಯಿಂದಲಾ, ಜೆಸಿಬಿಯಿಂದಲಾ?

ಮಾದಾಪುರದ ಮಗಳು:
ನಮ್ಮ ಮನೆ ಕೊಡಗಿನ ಮಾದಾಪುರದ ಹತ್ತಿರ, ಇಳಿಜಾರಿನಲ್ಲಿದೆ. ಹಿಂದೆ ಕಾಫಿ ತೋಟ. ತಮ್ಮ ಹೋಂ ಸ್ಟೇ ಶುರು ಮಾಡುತ್ತಾನಂತೆ. ಕಾರು ನಿಲ್ಲಿಸಲು ಜಾಗ ಬೇಕು ಅಂತ ಮನೆ ಹಿಂದಿನ ಬರೆ, ಅಂದರೆ ಗುಡ್ಡದ ಕಡಿದಾದ ಮಣ್ಣಿನ ಬದಿ, ಕಡಿಸಲು ಹೊರಟಿದ್ದಾನೆ. ನನಗೆ 2018ರ ಆಗಸ್ಟ್ ನೆನಪಾಗಿ ನಿದ್ದೆ ಬರುತ್ತಿಲ್ಲ. ಅವನು ಮಾತ್ರ "ಆಗ ಗುಡ್ಡ ಬಿದ್ದದ್ದು ಭೂಕಂಪದಿಂದ, ಜುಲೈಯಲ್ಲಿ ನೆಲ ನಡುಗಿತ್ತಲ್ವಾ? ಮಳೆ, ಭೂಕಂಪ ನಮ್ಮ ಕೈಯಲ್ಲಿದೆಯಾ?" ಅನ್ನುತ್ತಾನೆ. ಅವನಿಗೆ ಏನು ಹೇಳಲಿ? ತಿಳಿದವರು ಹೇಳಿ.

ತಡೆಗೋಡೆ ಕೆಲಸದವ:
ಅಕ್ಕಾ, ನಾನು ಸೋಮವಾರಪೇಟೆ ಕಡೆಯವನು. ಬರೆಗೆ ತಡೆಗೋಡೆ ಕಟ್ಟುವುದೇ ನನ್ನ ಕಸುಬು. ಕೆಲಸ ಶುರು ಆಗುವ ಮೊದಲೇ ಕೇಳಿದಿರಲ್ಲ, ಒಳ್ಳೆಯದಾಯಿತು.

ಜುಲೈಯಲ್ಲಿ ನೆಲ ನಡುಗಿದ್ದು ನಿಜ. ಆದರೆ ಅದರ ತೀವ್ರತೆ 3.4, ಸಣ್ಣದು. ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜಾರಿದ್ದು ಅದಾಗಿ ಒಂದು ತಿಂಗಳು ಕಳೆದ ಮೇಲೆ, ಆ ಬಿಡದ ಮಳೆಯಲ್ಲಿ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯವರು ಬಂದು ನೋಡಿ ಹೇಳಿದ್ದೂ ಇದನ್ನೇ: ಜಾಸ್ತಿ ಮಳೆ, ಅದರ ಜೊತೆಗೆ ಮನೆ, ರಸ್ತೆಗೆ ಅಂತ ನೆಟ್ಟಗೆ ಕಡಿದ ಇಳಿಜಾರು.

ನಮ್ಮ ಗುಡ್ಡಗಳಲ್ಲಿ ಮೇಲೆ ದಪ್ಪ ಮಣ್ಣು, ಅಡಿಯಲ್ಲಿ ಬಂಡೆ. ದಿನಗಟ್ಟಲೆ ಮಳೆ ಹೊಡೆದರೆ ಮಣ್ಣಿನ ಸಂದಿಯೆಲ್ಲ ನೀರು ತುಂಬುತ್ತದೆ. ಆ ನೀರು ಒಳಗಿನಿಂದ ಒತ್ತಿ ಮಣ್ಣಿನ ಹಿಡಿತ ಬಿಡಿಸುತ್ತದೆ. ಮೇಲಿನ ಭಾರ ಏರುತ್ತದೆ, ಹಿಡಿತ ಇಳಿಯುತ್ತದೆ. ಆಗ ಅಷ್ಟೂ ಭಾರ ತಡೆಯಬೇಕಾದದ್ದು ಬುಡದ ಮಣ್ಣು. ನಿಮ್ಮ ತಮ್ಮ ಕಡಿಸಲು ಹೊರಟಿರುವುದು ಅದನ್ನೇ.

ಕಡಿದ ವರ್ಷವೇ ಬೀಳುತ್ತದೆ ಅಂತಲ್ಲ. ಎರಡು ಮೂರು ಮಳೆಗಾಲ ಸುಮ್ನೆ ನಿಂತಿರಬಹುದು. ಅದನ್ನು ನೋಡಿ ಪಕ್ಕದವರೂ ಕಡಿಸುತ್ತಾರೆ. ನನಗೆ ಸಂಕಟವಾಗುವುದು ಇಲ್ಲೇ. ದೊಡ್ಡ ಮಳೆ ಬಂದ ವರ್ಷ ಒಬ್ಬರ ಬರೆ ಇನ್ನೊಬ್ಬರ ಅಡುಗೆಮನೆಗೆ ಬರುತ್ತದೆ.

ಇನ್ನೊಂದು ಮಾತು ಕೇಳಿ: ತೆಗೆದ ಮಣ್ಣು ಎಲ್ಲಿ ಹಾಕುತ್ತಾನೆ? ಬಹಳ ಜನ ಪಕ್ಕದ ಕೊಲ್ಲಿಗೆ ತಳ್ಳುತ್ತಾರೆ. ಕೊಲ್ಲಿ ಅಂದರೆ ನೀರಿನ ದಾರಿ. ಅದು ಕಟ್ಟಿಕೊಂಡರೆ ನೀರು ಬೇರೆ ಕಡೆ ನುಗ್ಗುತ್ತದೆ, ಇಲ್ಲವೇ ಆ ಸಡಿಲ ಮಣ್ಣನ್ನೇ ಎಳೆದುಕೊಂಡು ಕೆಳಗಿನ ಮನೆಗಳ ಮೇಲೆ ಬರುತ್ತದೆ.

ಗುಂಡ್ಲುಪೇಟೆಯವ:
ಎಲ್ಲದಕ್ಕೂ ಜೆಸಿಬಿಯನ್ನೇ ಬೈಯುವುದು ಸರಿಯಾ ಅಣ್ಣಾ? 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಕೊಚ್ಚಿಹೋದವಲ್ಲ. ಅಲ್ಲಿ ಗುಡ್ಡ ಒಡೆದದ್ದು ಮೇಲೆ, ಕಾಡಿನ ಕಡೆ. ಅಲ್ಲಿ ಯಾರು ಕಡಿದಿದ್ದರು?

ತಡೆಗೋಡೆ ಕೆಲಸದವ:
ನಿಜ, ಮನುಷ್ಯ ಮುಟ್ಟದ ಗುಡ್ಡವೂ ಜಾರುತ್ತದೆ. ಪಶ್ಚಿಮ ಘಟ್ಟದಲ್ಲಿ ಹಿಂದಿನಿಂದಲೂ ಜಾರಿದೆ. ಆದರೆ ಮುಂಡಕ್ಕೈಯಲ್ಲಿ ಅಷ್ಟು ಜೀವ ಹೋದದ್ದು ಮಣ್ಣು, ಬಂಡೆ ಹೊತ್ತು ನೀರು ಇಳಿದ ದಾರಿಯಲ್ಲಿ, ಹೊಳೆಯ ದಡದಲ್ಲಿ ಮನೆಗಳಿದ್ದದ್ದರಿಂದ. ಅಲ್ಲೇ ಹತ್ತಿರದ ಪುತ್ತುಮಲ 2019ರಲ್ಲೇ ಜಾರಿತ್ತು. ಅಷ್ಟು ಹತ್ತಿರದಲ್ಲಿ ಅದಾದ ಮೇಲೂ ಹೊಳೆ ಬದಿಯ ಜನರಿಗೆ ಬೇರೆ ಜಾಗ ಸಿಗಲಿಲ್ಲ. ತೋಟದ ಕೂಲಿಯವರು ಲೈನ್ ಮನೆ ಬಿಟ್ಟು ಎಲ್ಲಿಗೆ ಹೋಗಬೇಕಿತ್ತು? ಇನ್ನು ಆ ದಿನದ ಮಳೆ. ಭೂಮಿ ಬಿಸಿಯಾಗಿರುವುದರಿಂದ ಅದು ಸುಮಾರು ಶೇ. 10ರಷ್ಟು ಜಾಸ್ತಿ ಬಿತ್ತು ಅಂತ ಹವಾಮಾನ ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಅಲ್ಲೂ ನಮ್ಮ ಕೈ ಇದೆ.

ಅಂಕೋಲೆಯ ಮಾಣಿ:
ನಮ್ಮ ಶಿರೂರಿನದು ಎಲ್ಲರಿಗೂ ಗೊತ್ತು. 2024ರ ಜುಲೈ 16, ಅಗಲ ಮಾಡಲು ಕಡಿದಿದ್ದ ಹೆದ್ದಾರಿ ಬದಿಯ ಗುಡ್ಡ ಬಿತ್ತು. ಚಾ ಅಂಗಡಿ, ಲಾರಿ ಎಲ್ಲ ಹೋಯಿತು. ಮಣ್ಣು ಗಂಗಾವಳಿಗೆ ಬಿದ್ದ ರಭಸಕ್ಕೆ ನೀರು ಎದ್ದು ಆಚೆ ದಡದ ಉಳುವರೆಯ ಮನೆಗಳಿಗೆ ಹೊಡೆಯಿತು. ಉಳುವರೆಯವರು ಯಾವ ಗುಡ್ಡ ಕಡಿದಿದ್ದರು? ತಮ್ಮನಿಗೆ ಇದನ್ನೂ ಹೇಳಿ ಅಕ್ಕಾ.

ಮಾದಾಪುರದ ಮಗಳು:
ಎಲ್ಲವನ್ನೂ ತಮ್ಮನಿಗೆ ಓದಿ ಹೇಳಿದೆ. ಸದ್ಯಕ್ಕೆ ಜೆಸಿಬಿಯವರಿಗೆ ಬರಬೇಡಿ ಅಂದಿದ್ದಾನೆ. ಕಾರನ್ನು ರಸ್ತೆ ಬದಿಯ ಸಮತಟ್ಟು ಜಾಗದಲ್ಲೇ ನಿಲ್ಲಿಸಿದರೆ ಆಗಬಹುದು. ಆದರೆ ಅಜ್ಜನ ಕಾಲದಲ್ಲಿ ಕಡಿದ ಬರೆ ಒಂದು ಹಾಗೇ ಇದೆ, ಗೋಡೆ ಇಲ್ಲ. ಅದಕ್ಕೇನು ಮಾಡುವುದು?

ತಡೆಗೋಡೆ ಕೆಲಸದವ:
ಮಳೆಗೆ ಮುಂಚೆ ಬರೆಯ ಮೇಲೆ ಹತ್ತಿ ನೋಡಿ. ನೆಲದಲ್ಲಿ ಬಿರುಕು ಇದೆಯಾ? ಮರ, ಬೇಲಿ ಕಂಬ ಕೆಳಗಡೆ ವಾಲಿವೆಯಾ? ಮೇಲಿನ ನೀರು ಬರೆಯ ಮೇಲೆ ಇಳಿಯದ ಹಾಗೆ ಚರಂಡಿ ತೆಗೆದು ಪಕ್ಕಕ್ಕೆ ತಿರುಗಿಸಿ. ಬರೆಯ ತಲೆಯ ಮೇಲೆ ಇಂಗುಗುಂಡಿ ಇದ್ದರೆ ಮುಚ್ಚಿಸಿ. ಗೋಡೆ ಕಟ್ಟಿಸುವುದಾದರೆ ಎಂಜಿನಿಯರ್‌ಗೆ ಜಾಗ ತೋರಿಸಿಯೇ ಕಟ್ಟಿಸಿ. ಗೋಡೆಯಲ್ಲಿ ನೀರು ಹೊರಬರಲು ಪೈಪು ಇಡಲೇಬೇಕು, ಹಿಂದೆ ಜಲ್ಲಿ ತುಂಬಲೇಬೇಕು. ಪೈಪಿಲ್ಲದ ಗೋಡೆ ಹೊಟ್ಟೆ ಉಬ್ಬಿ ಬೀಳುತ್ತದೆ. ಮಳೆಗಾಲದಲ್ಲಿ ಬರೆಯಿಂದ ಇದ್ದಕ್ಕಿದ್ದಂತೆ ಕೆಸರು ನೀರು ಬಂದರೆ ಸಾಮಾನು ಕಟ್ಟುತ್ತಾ ಕೂರಬೇಡಿ. ಅಪ್ಪ ಅಮ್ಮನನ್ನು ಕರೆದುಕೊಂಡು ಹೊರಡಿ. ಬಿರುಕು ಕಂಡರೆ ಫೋಟೊ ಇಲ್ಲೇ ಹಾಕಿ, ನೋಡುತ್ತೇನೆ.