ಹೊಸ ವರ್ಷಕ್ಕೆ ಒಬ್ಬಳೇ ಥಾಯ್ಲೆಂಡ್‌ಗೆ ಹೊರಟಿದ್ದೇನೆ, ಜೊತೆ ಸಿಗುತ್ತದಾ? ಹೋಗಿ ಬಂದವರು ಹೇಳಿ

ಪ್ರಶ್ನೆ (ಊರು ದಾವಣಗೆರೆ, ಕೆಲಸ ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಕೊನೆಯ ವಾರ ರಜೆ ಸಿಕ್ಕಿದೆ. ಬೆನ್ನಿಗೊಂದು ಬ್ಯಾಗ್ ಹಾಕಿಕೊಂಡು ಥಾಯ್ಲೆಂಡ್ ಸುತ್ತಬೇಕು ಅಂತ ಆಸೆ. ಬರುತ್ತೇನೆ ಅಂದಿದ್ದ ಗೆಳತಿಗೆ ರಜೆ ಸಿಗಲಿಲ್ಲ, ಹಾಗಾಗಿ ಒಬ್ಬಳೇ. ದೇಶದ ಹೊರಗೆ ಹೋಗುವುದು ಇದೇ ಮೊದಲು. ನಾನು ಸಸ್ಯಾಹಾರಿ, ಕುಡಿಯುವುದಿಲ್ಲ. 31ರ ರಾತ್ರಿ ಎಲ್ಲರೂ ಗುಂಪು ಗುಂಪಾಗಿ ಇರುವಾಗ ನಾನೊಬ್ಬಳೇ ರೂಮಿನಲ್ಲಿ ಕೂತಿರಬೇಕಾಗುತ್ತದಾ ಅನ್ನೋದೇ ದೊಡ್ಡ ಚಿಂತೆ. ಹಾಸ್ಟೆಲ್‌ಗಳಲ್ಲಿ ಉಳಿದವರು, ಗುರುತಿಲ್ಲದವರ ಜೊತೆ ಹೊಸ ವರ್ಷ ಮಾಡಿದವರು ಇದ್ದರೆ ದಯವಿಟ್ಟು ಹೇಳಿ. ಬೇರೆ ದೇಶ ಆದರೂ ಪರವಾಗಿಲ್ಲ, ಇನ್ನೂ ಟಿಕೆಟ್ ತೆಗೆದಿಲ್ಲ.

ಮೈಸೂರಿನಿಂದ

ಧೈರ್ಯವಾಗಿ ಹೋಗಿ. ಜೊತೆ ಖಂಡಿತ ಸಿಗುತ್ತದೆ. ಆದರೆ 31ರ ಸಂಜೆ ಊರು ತಲುಪಿ ರಾತ್ರಿ ಜೊತೆ ಹುಡುಕಿದರೆ ಸಿಗುವುದಿಲ್ಲ. 28 ಅಥವಾ 29ಕ್ಕೇ ಒಂದು ಊರು ಸೇರಿ ಅಲ್ಲೇ ಇದ್ದುಬಿಡಿ. ದಿನಕ್ಕೊಂದು ಊರು ಅಂತ ಓಡಬೇಡಿ. ಒಂದೇ ಟೇಬಲ್‌ನಲ್ಲಿ ಎರಡು ಬೆಳಿಗ್ಗೆ ಕಾಫಿ ಕುಡಿದವರು ಮೂರನೇ ದಿನ ತಾವಾಗಿಯೇ "ಇವತ್ತು ರಾತ್ರಿ ಏನು ಪ್ಲಾನ್?" ಅಂತ ಕೇಳುತ್ತಾರೆ.

ನಾನು ಹೊಸ ವರ್ಷಕ್ಕೆ ಇದ್ದದ್ದು ಥಾಯ್ಲೆಂಡ್‌ನ ಉತ್ತರದಲ್ಲಿರುವ ಚಿಯಾಂಗ್ ಮಾಯ್‌ನಲ್ಲಿ. ಮೊದಲ ಸಲಕ್ಕೆ ಬ್ಯಾಂಕಾಕ್‌ಗಿಂತ ಅದೇ ವಾಸಿ ಅನ್ನುತ್ತೇನೆ. ಬ್ಯಾಂಕಾಕ್‌ನಲ್ಲಿ ಚಾವೊ ಫ್ರಾಯಾ ನದಿ ದಡದ ಐಕಾನ್‌ಸಿಯಾಮ್, ಆಮೇಲೆ ಸೆಂಟ್ರಲ್‌ವರ್ಲ್ಡ್ ಮಾಲ್‌ಗಳ ಮುಂದೆ ದೊಡ್ಡ ಕಾರ್ಯಕ್ರಮ ಇರುತ್ತದೆ, ಪಟಾಕಿ ಭರ್ಜರಿ. ಆದರೆ ಜನ ಎಷ್ಟು ಅಂದರೆ ಮುಗಿದ ಮೇಲೆ ರೂಮು ಸೇರುವುದೇ ಒಂದು ಸಾಹಸ. ಚಿಯಾಂಗ್ ಮಾಯ್‌ನ ಹಳೇ ಊರು ಚೌಕಾಕಾರದಲ್ಲಿದೆ, ಸುತ್ತ ನೀರಿನ ಕಂದಕ. 1296ರಲ್ಲಿ ಮೆಂಗ್ರಾಯ್ ಅನ್ನೋ ರಾಜ ಕಟ್ಟಿಸಿದ ಊರು. ಹೊಸ ವರ್ಷದ ಜನ ಸೇರುವುದು ಪೂರ್ವದ ಥಾ ಫೇ ಬಾಗಿಲ ಹತ್ತಿರ. ಕಂದಕದ ಒಳಗೆ ಎಲ್ಲಿ ಉಳಿದರೂ ನಡೆದೇ ವಾಪಸ್ ಬರಬಹುದು. ಇದು ಸಣ್ಣ ವಿಷಯ ಅಲ್ಲ. ಹನ್ನೆರಡು ಹೊಡೆದ ಮೇಲೆ ಟ್ಯಾಕ್ಸಿ ಆ್ಯಪ್‌ನಲ್ಲಿ ಗಾಡಿ ಸಿಗುವುದು ಕಷ್ಟ, ಸಿಕ್ಕರೂ ರೇಟು ಜಾಸ್ತಿ.

ಹಾಸ್ಟೆಲ್ ಆರಿಸುವಾಗ ಫೋಟೋದಲ್ಲಿ ಈಜುಕೊಳ ಇದೆಯಾ ಅಂತ ನೋಡಬೇಡಿ, ಅಡುಗೆಮನೆ ಇದೆಯಾ ನೋಡಿ. ಉಳಿದವರು ಬರೆದ ಅಭಿಪ್ರಾಯ ಓದಿ. "ಬೆಳಗಿನವರೆಗೂ ಪಾರ್ಟಿ" ಅಂತ ಇದ್ದರೆ ಅದು ನಿಮಗಲ್ಲ. "ಎಲ್ಲರೂ ಸೇರಿ ಊಟ ಮಾಡಿದೆವು" ಅಂತ ಇದ್ದರೆ ಅಲ್ಲಿಗೇ ಹೋಗಿ. ಹೆಂಗಸರಿಗೇ ಬೇರೆ ಡಾರ್ಮ್ (ಹಲವರು ಒಟ್ಟಿಗೆ ಮಲಗುವ ಕೋಣೆ) ಇರುವ ಜಾಗ ಬೇಕಾದಷ್ಟಿವೆ. ಲಾಕರ್ ಕೊಡುತ್ತಾರೆ, ಬೀಗ ಮಾತ್ರ ನಿಮ್ಮದೇ ಒಯ್ಯಿರಿ.

ನಮ್ಮ ಹಾಸ್ಟೆಲ್‌ನ ಅಡುಗೆಮನೆ ಬಗ್ಗೆ ಹೇಳಲೇಬೇಕು. 31ರ ಬೆಳಿಗ್ಗೆ ಅಲ್ಲಿದ್ದವರೆಲ್ಲ ಸೇರಿ, ಸಂಜೆಗೆ ಒಬ್ಬೊಬ್ಬರು ತಮ್ಮ ಮನೆಯದ್ದೊಂದು ಮಾಡೋಣ ಅಂತ ತೀರ್ಮಾನಿಸಿದೆವು. ವರೊರೊಟ್ ಮಾರ್ಕೆಟ್‌ಗೆ ಹೋಗಿ ತರಕಾರಿ ತಂದೆವು. ನಾನು ಮನೆಯಿಂದ ಒಂದು ಸಣ್ಣ ಡಬ್ಬಿಯಲ್ಲಿ ಸಾಸಿವೆ, ಉದ್ದಿನಬೇಳೆ, ಅರಿಶಿನ, ಒಣಗಿಸಿದ ಕರಿಬೇವು ಒಯ್ದಿದ್ದೆ. ಅಲ್ಲಿಯ ಅಕ್ಕಿ ಸ್ವಲ್ಪ ಅಂಟು, ಹರವಿ ಆರಿಸಿ ಚಿತ್ರಾನ್ನ ಕಲಸಿದೆ. ಕಡಲೆಕಾಯಿ, ನಿಂಬೆಹಣ್ಣು ಅಲ್ಲೇ ಸಿಕ್ಕಿತು. ಒಗ್ಗರಣೆ ಚಟಪಟ ಅಂದಾಗ ಡಾರ್ಮ್‌ನಲ್ಲಿ ಮಲಗಿದ್ದವರೂ ಎದ್ದು ಬಂದರು. ಆ ಡಬ್ಬಿ ನೀವೂ ಒಯ್ಯಿರಿ. ಇಂಗ್ಲಿಷ್ ತಡವರಿಸಿದರೂ ಮಾತು ಶುರುವಾಗುವುದಕ್ಕೆ ಅದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಸ್ಪೇನ್‌ನ ಒಬ್ಬಳು ದ್ರಾಕ್ಷಿ ತಂದಿದ್ದಳು. ಅವರ ಕಡೆ ಗಡಿಯಾರ ಹನ್ನೆರಡು ಹೊಡೆಯುವಾಗ ಒಂದೊಂದು ಹೊಡೆತಕ್ಕೆ ಒಂದೊಂದು ದ್ರಾಕ್ಷಿ ತಿನ್ನುತ್ತಾರೆ. ಅಲ್ಲಿ ಗಂಟೆ ಎಲ್ಲಿಂದ ಬರಬೇಕು? ಇಂಗ್ಲೆಂಡಿನ ಹುಡುಗನೊಬ್ಬ ಪಾತ್ರೆ ಮುಚ್ಚಳಕ್ಕೆ ಸೌಟಿನಿಂದ ಬಾರಿಸಿದ. ಏಳನೆಯದಕ್ಕೆ ನಮ್ಮೆಲ್ಲರ ಬಾಯಿ ತುಂಬಿ ನಗು ತಡೆಯಲಾಗಲಿಲ್ಲ. ಕೊಲಂಬಿಯಾದವರಲ್ಲಿ ಖಾಲಿ ಸೂಟ್‌ಕೇಸ್ ಹಿಡಿದು ಬೀದಿ ಸುತ್ತುವ ಪದ್ಧತಿ ಇದೆ, ಹಾಗೆ ಮಾಡಿದರೆ ವರ್ಷವಿಡೀ ಪ್ರಯಾಣ ಸಿಗುತ್ತದಂತೆ. ಅಲ್ಲಿಂದ ಬಂದಿದ್ದ ದಂಪತಿ ಬ್ಯಾಕ್‌ಪ್ಯಾಕ್‌ನಲ್ಲಿದ್ದ ಬಟ್ಟೆಯೆಲ್ಲ ಮಂಚದ ಮೇಲೆ ಸುರಿದು, ಖಾಲಿ ಬ್ಯಾಗ್ ಹೆಗಲಿಗೇರಿಸಿ ಹೊರಟರು. ನಾವೂ ಹಾಗೇ ಮಾಡಿದೆವು. ಓಣಿಯಲ್ಲಿ ಕೂತಿದ್ದ ಥಾಯ್ ಅಜ್ಜಿ ಕಾರಣ ಕೇಳಿ ತಿಳಿದುಕೊಂಡು, ತಾನೂ ಒಂದು ಬ್ಯಾಗ್ ಹಾಕಿಕೊಂಡು ನಾಲ್ಕು ಹೆಜ್ಜೆ ಬಂದರು. "ಸವಾದಿ ಪಿ ಮೈ" ಅಂದರೆ ಹೊಸ ವರ್ಷದ ಶುಭಾಶಯ. ಇಷ್ಟು ಕಲಿತರೆ ಸಾಕು, ಯಾರೂ ಮುಖ ತಿರುಗಿಸುವುದಿಲ್ಲ.

ಥಾಯ್ ಜನರ ಸ್ವಂತ ಹೊಸ ವರ್ಷ ಏಪ್ರಿಲ್‌ನ ಸೊಂಗ್‌ಕ್ರಾನ್. ಜನವರಿ 1 ಅಲ್ಲಿ ಸರ್ಕಾರಿ ಹೊಸ ವರ್ಷ ಆಗಿದ್ದು 1941ರಿಂದ. ಹಾಗಂತ ಸುಮ್ನೆ ಪಾರ್ಟಿಯ ದಿನ ಅಂದುಕೊಳ್ಳಬೇಡಿ. ಎಷ್ಟೋ ಥಾಯ್ ಜನ 31ರ ರಾತ್ರಿ ದೇವಸ್ಥಾನದಲ್ಲಿ ಕೂತು ಮಂತ್ರ ಪಠಣ ಮಾಡುತ್ತಾ ಹೊಸ ವರ್ಷಕ್ಕೆ ಕಾಲಿಡುತ್ತಾರೆ. ಗದ್ದಲ ಬೇಡ ಅನ್ನಿಸಿದರೆ ಅಲ್ಲಿ ಹೋಗಿ ಹಿಂದೆ ಕೂತುಕೊಳ್ಳಿ. ಭುಜ, ಮಂಡಿ ಮುಚ್ಚುವ ಬಟ್ಟೆ ಇರಲಿ. ಬೆಳಿಗ್ಗೆ ಭಿಕ್ಷುಗಳಿಗೆ ಅಕ್ಕಿ, ಊಟ ಕೊಡುವ ಸಾಲು ಇರುತ್ತದೆ, ಅದನ್ನೂ ನೋಡಿ.

ಒಂದು ವಿಷಯದಲ್ಲಿ ಮಾತ್ರ ನಾನು ಗಟ್ಟಿಯಾಗಿ ಹೇಳುತ್ತೇನೆ. ಒಳಗೆ ಬೆಂಕಿ ಹಚ್ಚಿ ಮೇಲೆ ಬಿಡುತ್ತಾರಲ್ಲ, ಆ ಕಾಗದದ ಆಕಾಶದೀಪ ಹಾರಿಸಬೇಡಿ. ಫೋಟೋ ಚೆಂದ ಬರುತ್ತದೆ ನಿಜ. ಆದರೆ ಅದು ಉರಿಯುತ್ತಾ ಯಾರದೋ ಮಾಡಿನ ಮೇಲೆ ಬೀಳುತ್ತದೆ, ತಂತಿಗೆ ಸಿಕ್ಕಿಕೊಳ್ಳುತ್ತದೆ. ಏರ್‌ಪೋರ್ಟ್ ಊರಿಗೆ ಅಂಟಿಕೊಂಡೇ ಇದೆ. ಅನುಮತಿ ಇಲ್ಲದೆ ಹಾರಿಸಿದರೆ ಅಪರಾಧ ಕೂಡ.

ಊಟದ ಚಿಂತೆ ಬಿಡಿ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಇರುವ ಅಂಗಡಿ ಕಂಡರೆ ಅದು "ಜೇ" ಊಟ. ಮಾಂಸ, ಮೊಟ್ಟೆ ಇಲ್ಲ, ಮೀನಿನ ಸಾಸ್ ಇಲ್ಲ, ಬೆಳ್ಳುಳ್ಳಿ ಈರುಳ್ಳಿಯೂ ಇಲ್ಲ. ಬೇರೆ ಕಡೆ ಬರೀ "ತರಕಾರಿ" ಅಂತ ಕೇಳಿದರೆ ಮೀನಿನ ಸಾಸ್ ಹಾಕಿಯೇ ಕೊಡುತ್ತಾರೆ, "ಜೇ" ಅಂತಲೇ ಕೇಳಿ. ಮತ್ತೆ ಸ್ವೆಟರ್ ಒಯ್ಯಿರಿ, ಡಿಸೆಂಬರ್ ರಾತ್ರಿ ಅಲ್ಲಿ ಚಳಿ ಇರುತ್ತದೆ.

ಹುಬ್ಬಳ್ಳಿಯಿಂದ

ತಂಗಿ, ಮೊದಲ ಸಲ ಅಂದಿ. ಹಂಗಿದ್ರೆ ನೇಪಾಳ ಯಾಕೆ ನೋಡಬಾರದು? ವೀಸಾ ಬೇಡ. ಪಾಸ್‌ಪೋರ್ಟ್ ಅಥವಾ ವೋಟರ್ ಐಡಿ ಸಾಕು. ವಿಮಾನದಲ್ಲಿ ಹೋಗುವುದಾದರೆ ಬರೀ ಆಧಾರ್ ನಂಬಿಕೊಂಡು ಹೋಗಬೇಡ. ನಾವು ಗೋರಖ್‌ಪುರದವರೆಗೆ ರೈಲಿನಲ್ಲಿ ಹೋಗಿ, ಸೋನೌಲಿಯಲ್ಲಿ ಗಡಿ ದಾಟಿ, ಬಸ್ಸಿನಲ್ಲಿ ಪೋಖರಾ ಸೇರಿದೆವು. ದಾರಿ ಉದ್ದ, ಮೈ ನುಗ್ಗಾಗುತ್ತದೆ. ಆದರೆ ಖರ್ಚು ಕಮ್ಮಿ.

ಡಿಸೆಂಬರ್ ಕೊನೆಗೆ ಪೋಖರಾದ ಲೇಕ್‌ಸೈಡ್‌ನಲ್ಲಿ ಬೀದಿ ಹಬ್ಬ ನಡೆಯುತ್ತದೆ. ಫೇವಾ ಕೆರೆ ಪಕ್ಕದ ರಸ್ತೆಯಲ್ಲಿ ಗಾಡಿ ಬಿಡುವುದಿಲ್ಲ, ರಸ್ತೆ ಮೇಲೇ ಕುರ್ಚಿ ಹಾಕುತ್ತಾರೆ. ಅಲ್ಲಿಯ ಸಂಸಾರಸ್ಥರು ಮಕ್ಕಳು ಮರಿ ಕಟ್ಟಿಕೊಂಡು ಬರುತ್ತಾರೆ, ಹಾಗಾಗಿ ವಾತಾವರಣ ಜಾತ್ರೆಯ ಹಾಗೇ ಇರುತ್ತದೆ. ಡಿಸೆಂಬರ್ 30ರ ಆಸುಪಾಸಿಗೆ ಗುರುಂಗ್ ಜನರ ಹೊಸ ವರ್ಷ, ತಮು ಲೋಸಾರ್. ಪೋಖರಾ ಸುತ್ತ ಅವರು ಬಹಳ ಇದ್ದಾರೆ. ತಮ್ಮ ಉಡುಪು ಹಾಕಿಕೊಂಡು ಬೀದಿಯಲ್ಲಿ ಕುಣಿಯುತ್ತಾರೆ. ಇಂಗ್ಲಿಷ್ ಹೊಸ ವರ್ಷಕ್ಕೆ ಹೋದವರಿಗೆ ಇದು ಮುಂಚಿತವಾಗಿಯೇ ಸಿಕ್ಕಿಬಿಡುತ್ತದೆ.

ನೇಪಾಳದ ಗಡಿಯಾರ ನಮಗಿಂತ ಹದಿನೈದು ನಿಮಿಷ ಮುಂದೆ. ನಮ್ಮ ಹಾಸ್ಟೆಲ್‌ನ ಮಾಳಿಗೆ ಮೇಲೆ ಒಂದು ಸಲ ಎಲ್ಲರೂ ಕೂಗಿ ಕುಣಿದರು. ಹದಿನೈದು ನಿಮಿಷ ಬಿಟ್ಟು ನಾವು ಭಾರತದವರು ಮತ್ತೆ ಕೂಗಿದೆವು, ಫ್ರಾನ್ಸ್‌ನವರು ಆಸ್ಟ್ರೇಲಿಯಾದವರು ಎಲ್ಲ ನಮ್ಮ ಜೊತೆ ಸೇರಿಕೊಂಡರು. ಬೆಳಿಗ್ಗೆ ಸಾರಂಗ್‌ಕೋಟ್ ಏರಿ ಅನ್ನಪೂರ್ಣ ಸಾಲಿನ ಮೇಲೆ ಬಿಸಿಲು ಬೀಳುವುದನ್ನು ನೋಡುವುದು ಬಿಡಬೇಡ. ದಾಲ್ ಭಾತ್ ಎಲ್ಲ ಕಡೆ ಸಿಗುತ್ತದೆ, ಮತ್ತೆ ಮತ್ತೆ ಬಡಿಸುತ್ತಾರೆ.

ದುಬೈಯಿಂದ (ಊರು ಮಂಗಳೂರು)

ನಮ್ಮ ಕಡೆಯವರು ಇಲ್ಲಿ ತುಂಬ ಇದ್ದಾರೆ, ಅವರಿಗೂ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ. ಯುಎಇ ರೆಸಿಡೆನ್ಸ್ ವೀಸಾ ಇದ್ದರೆ ಜಾರ್ಜಿಯಾ ದೇಶಕ್ಕೆ ಬೇರೆ ವೀಸಾ ಬೇಕಾಗಿಲ್ಲ. ಆದರೂ ಹಾಸ್ಟೆಲ್ ಬುಕಿಂಗ್, ವಾಪಸ್ ಟಿಕೆಟ್, ಪ್ರಯಾಣದ ವಿಮೆ ಮೂರನ್ನೂ ಪ್ರಿಂಟ್ ಹಾಕಿ ಕೈಯಲ್ಲೇ ಇಟ್ಟುಕೊಳ್ಳಿ. ಇಮಿಗ್ರೇಶನ್‌ನಲ್ಲಿ ಪ್ರಶ್ನೆ ಕೇಳುತ್ತಾರೆ.

ಅಲ್ಲಿಯ ರಾಜಧಾನಿ ಟಿಬಿಲಿಸಿಯಲ್ಲಿ ನಾನು ಉಳಿದದ್ದು ಒಬ್ಬ ಹೆಂಗಸು ನಡೆಸುವ ಗೆಸ್ಟ್ ಹೌಸ್‌ನಲ್ಲಿ. 31ರ ರಾತ್ರಿ ಉಳಿದಿದ್ದವರನ್ನೆಲ್ಲ ಅವರೇ ಊಟಕ್ಕೆ ಕರೆದರು. ಅಲ್ಲಿಯ ಔತಣಕ್ಕೆ ಸುಪ್ರಾ ಅನ್ನುತ್ತಾರೆ. ತಟ್ಟೆಯ ಮೇಲೆ ತಟ್ಟೆ ಇಟ್ಟು ಮೇಜು ತುಂಬಿಸುತ್ತಾರೆ. ಸಸ್ಯಾಹಾರಿಗೆ ಪರದಾಟ ಇಲ್ಲ. ಆಕ್ರೋಟ್ ಅರೆದು ತುಂಬಿದ ಬದನೆಕಾಯಿ, ಸೊಪ್ಪು ಆಕ್ರೋಟ್ ಸೇರಿಸಿ ಮಾಡುವ ಪ್ಖಾಲಿ, ರಾಜ್ಮಾ ಕಾಳಿನ ಲೋಬಿಯೊ, ಚೀಸ್ ತುಂಬಿದ ಖಚಪುರಿ ಎಲ್ಲ ಇರುತ್ತದೆ. ಜೇನು, ಆಕ್ರೋಟ್ ಹಾಕಿ ಮಾಡುವ ಗೊಜಿನಾಕಿ ಅಂತೂ ನಮ್ಮ ಕಡಲೆ ಚಿಕ್ಕಿಯ ಹಾಗೇ.

ಅವರಲ್ಲಿ ಹನ್ನೆರಡರ ನಂತರ ಮನೆಗೆ ಮೊದಲು ಕಾಲಿಡುವವನನ್ನು ಮೆಕ್ವ್‌ಲೆ ಅನ್ನುತ್ತಾರೆ. ಅವನು ಒಳ್ಳೆಯ ಕಾಲ್ಗುಣದವನಾದರೆ ವರ್ಷವಿಡೀ ಒಳ್ಳೆಯದು ಅಂತ ನಂಬಿಕೆ. ಆ ವರ್ಷ ಆ ತಾಯಿ ನನ್ನನ್ನೇ ಹೊರಗೆ ಕಳಿಸಿ, ಕೈಗೆ ಸಿಹಿ ಕೊಟ್ಟು, ಒಳಗೆ ಕರೆದರು. ಊರು ಬಿಟ್ಟು ಇಷ್ಟು ದೂರ ಇರುವವನಿಗೆ ಅದು ಎಷ್ಟು ದೊಡ್ಡ ಮರ್ಯಾದೆ ಅಂತ ಹೇಳಲಾರೆ. ಜನವರಿ 2 ಬೆದೋಬಾ, ಆ ದಿನ ಹೇಗೆ ಕಳೆಯುತ್ತೀರೋ ವರ್ಷ ಹಾಗೇ ಅನ್ನುತ್ತಾರೆ. ಅದಕ್ಕೇ ಒಂದನೇ ತಾರೀಕಿಗೇ ಹೊರಟುಬಿಡಬೇಡಿ. ಒಂದನೇ ತಾರೀಕು ಅಂಗಡಿ ಸುಮಾರಾಗಿ ಮುಚ್ಚಿರುತ್ತವೆ, ಹಾಲು ಬ್ರೆಡ್ ಹಿಂದಿನ ದಿನವೇ ತಂದಿಟ್ಟುಕೊಳ್ಳಿ. ಜನ ಬೀದಿಯಲ್ಲೇ ಪಟಾಕಿ ಹೊಡೆಯುತ್ತಾರೆ, ಹುಷಾರು.

ಬೆಂಗಳೂರಿನಿಂದ

ಡಿಸೆಂಬರ್ ಟಿಕೆಟ್ ರೇಟು ನೋಡಿ ತಲೆ ತಿರುಗಿದರೆ ಏಪ್ರಿಲ್ ಬಗ್ಗೆಯೂ ಯೋಚಿಸಿ. ಲಾವೋಸ್‌ನ ಲುವಾಂಗ್ ಪ್ರಬಾಂಗ್‌ನಲ್ಲಿ ಏಪ್ರಿಲ್ ಮಧ್ಯದಲ್ಲಿ ಅವರದೇ ಹೊಸ ವರ್ಷ, ಪಿ ಮೈ. ನೀರೆರಚಾಟ ಇದೆ. ಅದರ ಜೊತೆಗೆ ಮೆಕಾಂಗ್ ನದಿಯ ಮರಳಿನಲ್ಲಿ ಸಣ್ಣ ಸ್ತೂಪ ಕಟ್ಟುತ್ತಾರೆ, ಪ್ರಬಾಂಗ್ ಬುದ್ಧನ ಮೂರ್ತಿಗೆ ನೀರು ಹಾಕುತ್ತಾರೆ. ನಮ್ಮ ಜೊತೆ ಇದ್ದ ಪ್ರವಾಸಿಗಳನ್ನೆಲ್ಲ ಒಂದು ಮನೆಯವರು ಕೂರಿಸಿ ಕೈಗೆ ಬಿಳಿ ದಾರ ಕಟ್ಟಿದರು. ಬಾಸಿ ಅಂತ ಆ ಶಾಸ್ತ್ರದ ಹೆಸರು. ಮೂರು ದಿನವಾದರೂ ಬಿಚ್ಚಬಾರದು. ಆ ದಾರ ಕಂಡರೆ ಊರಲ್ಲಿ ಎಲ್ಲಿ ಹೋದರೂ ಜನ ಮಾತಾಡಿಸುತ್ತಿದ್ದರು. ರಾಜಧಾನಿ ವಿಯೆಂಟಿಯಾನ್‌ನಿಂದ 2021ರ ಡಿಸೆಂಬರ್‌ನಲ್ಲಿ ಶುರುವಾದ ರೈಲಿದೆ, ಎರಡು ಗಂಟೆ ಹಾದಿ. ಬಿಸಿಲು ಮಾತ್ರ ವಿಪರೀತ.

ಇನ್ನೊಂದು ಮಾತು, ಸ್ಕೂಟರ್ ಬಗ್ಗೆ. ಬಾಡಿಗೆಗೆ ಸುಲಭವಾಗಿ ಸಿಗುತ್ತದೆ ಅಂತ ತೆಗೆದುಕೊಳ್ಳಬೇಡಿ. ಆರ್‌ಟಿಒದಲ್ಲಿ ಕೊಡುವ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಥಾಯ್ಲೆಂಡ್‌ನಲ್ಲಿ ನಡೆಯುತ್ತದೆ, ಅದರಲ್ಲಿ ದ್ವಿಚಕ್ರ ವಾಹನ ಸೇರಿರಬೇಕು. ವಿಯೆಟ್ನಾಂನಲ್ಲಿ ನಮ್ಮ ಪರ್ಮಿಟ್ ನಡೆಯುವುದಿಲ್ಲ. ಅವರು ಒಪ್ಪುವುದು 1968ರ ಅಂತರರಾಷ್ಟ್ರೀಯ ರಸ್ತೆ ಸಂಚಾರ ಒಪ್ಪಂದದ ಪರ್ಮಿಟ್, ನಮ್ಮದು 1949ರದ್ದು. ಪರ್ಮಿಟ್ ಇಲ್ಲದೆ ಬಿದ್ದರೆ ವಿಮೆ ಕಂಪನಿ ಕೈ ಎತ್ತುತ್ತದೆ. ಹೊಸ ವರ್ಷದ ವಾರವನ್ನು ಥಾಯ್ಲೆಂಡ್‌ನಲ್ಲಿ "ಏಳು ಅಪಾಯದ ದಿನ" ಅಂತಲೇ ಕರೆಯುತ್ತಾರೆ, ರಸ್ತೆಯಲ್ಲಿ ಅಷ್ಟು ಜನ ಸಾಯುತ್ತಾರೆ. ಪಾಸ್‌ಪೋರ್ಟ್ ಅನ್ನು ಯಾವ ಅಂಗಡಿಯವನ ಹತ್ತಿರವೂ ಅಡವಾಗಿ ಬಿಡಬೇಡಿ.

ಪ್ರಶ್ನೆ ಕೇಳಿದವರು

ಅಕ್ಕ, ಅಣ್ಣ, ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಓದುತ್ತಾ ಓದುತ್ತಾ ಧೈರ್ಯ ಬಂತು. ಚಿಯಾಂಗ್ ಮಾಯ್ ಅಂತಲೇ ಮನಸ್ಸು ಮಾಡಿದ್ದೇನೆ. ಮೈಸೂರಿನ ಅಕ್ಕ, ಎರಡು ವಿಷಯ ಕೇಳಬೇಕು. ಅಪ್ಪ ಒಪ್ಪಿದ್ದಾರೆ, ಅಮ್ಮ ಇನ್ನೂ ಒಪ್ಪಿಲ್ಲ. ಮತ್ತೆ ಎಲ್ಲರೂ ಕುಡಿಯುತ್ತಿರುವಾಗ ನಾನು ಬೇಡ ಅಂದರೆ ಬೇಜಾರು ಮಾಡಿಕೊಳ್ಳುತ್ತಾರಾ?

ಮೈಸೂರಿನಿಂದ

ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಒಂದು ಸಲ ಬೇಡ ಅನ್ನಿ, ಕಾರಣ ಹೇಳಬೇಕಾಗಿಲ್ಲ. ನಮ್ಮ ಗುಂಪಿನಲ್ಲಿ ಕುಡಿಯದವರು ಇನ್ನೂ ಇದ್ದರು. ಮತ್ತೆ ಮತ್ತೆ ಒತ್ತಾಯ ಮಾಡುವವರು ಕಂಡರೆ ಆ ಗುಂಪು ಬಿಟ್ಟು ಎದ್ದು ಬನ್ನಿ, ಅಲ್ಲಿ ಮುಲಾಜು ಬೇಡ. ನಿಮ್ಮ ಲೋಟ ನಿಮ್ಮ ಕೈಯಲ್ಲೇ ಇರಲಿ. ಹೊರಗೆ ಹೋಗುವಾಗ ಯಾರ ಜೊತೆ ವಾಪಸ್ ಬರುತ್ತೀರಿ ಅನ್ನೋದು ಮೊದಲೇ ಮಾತಾಡಿಕೊಳ್ಳಿ. ನಾವು ಹೆಂಗಸರು ಒಟ್ಟಿಗೆ ಹೋಗಿ ಒಟ್ಟಿಗೇ ಬಂದೆವು.

ಅಮ್ಮನ ವಿಷಯ. ಬಾಯಿಮಾತಿನಲ್ಲಿ ಸಮಾಧಾನ ಹೇಳಿದರೆ ಅವರಿಗೆ ಸಾಲುವುದಿಲ್ಲ. ಒಂದು ಹಾಳೆಯಲ್ಲಿ ಬರೆದುಕೊಡಿ. ಹಾಸ್ಟೆಲ್ ಹೆಸರು, ವಿಳಾಸ, ಫೋನ್ ನಂಬರು, ವಿಮಾನದ ಸಮಯ, ವಿಮೆಯ ನಂಬರು. ಅಲ್ಲಿ ಪ್ರವಾಸಿಗರಿಗೇ ಅಂತ ಪೊಲೀಸ್ ಇದ್ದಾರೆ, 1155. ಆಂಬುಲೆನ್ಸ್ 1669. ಇದನ್ನೂ ಬರೆಯಿರಿ. ಲೊಕೇಶನ್ ಹೇಗೆ ನೋಡುವುದು ಅಂತ ಅವರ ಮೊಬೈಲ್‌ನಲ್ಲೇ ತೋರಿಸಿ. ನಿಮಗೆ ಹನ್ನೆರಡು ಆಗುವಾಗ ಇಲ್ಲಿ ಹತ್ತೂವರೆ, ಅಮ್ಮ ಇನ್ನೂ ಎದ್ದಿರುತ್ತಾರೆ. ಆ ಹೊತ್ತಿಗೆ ವಿಡಿಯೋ ಕಾಲ್ ಮಾಡುತ್ತೇನೆ ಅಂತ ಹೇಳಿ, ಮಾಡಿಯೂ ಮಾಡಿ. ಜೊತೆಗಿರುವವರ ಮುಖ ತೋರಿಸಿ. ನಮ್ಮ ಅಮ್ಮ ಆ ಸ್ಪೇನ್ ಹುಡುಗಿಗೆ "ಊಟ ಆಯ್ತಾ" ಅಂತ ಕನ್ನಡದಲ್ಲೇ ಕೇಳಿದ್ದರು.

2024ರ ಜುಲೈನಲ್ಲಿ ಭಾರತೀಯರು ಅಲ್ಲಿ ವೀಸಾ ಇಲ್ಲದೆ 60 ದಿನ ಇರಬಹುದು ಅಂತ ಮಾಡಿದ್ದರು. ಇಂಥ ನಿಯಮ ಬದಲಾಗುತ್ತಿರುತ್ತದೆ, ಟಿಕೆಟ್ ತೆಗೆಯುವ ಮುಂಚೆ ಎಂಬೆಸಿ ವೆಬ್‌ಸೈಟ್ ನೋಡಿ. 2025ರ ಮೇ 1ರಿಂದ ಆನ್‌ಲೈನ್ ಅರೈವಲ್ ಕಾರ್ಡ್ ತುಂಬಬೇಕು, ತಲುಪುವ ಮುಂಚಿನ ಮೂರು ದಿನದೊಳಗೆ. ಅದು ಫ್ರೀ. ದುಡ್ಡು ಕೇಳುವ ಸೈಟ್ ಕಂಡರೆ ಅದು ಸರ್ಕಾರದ್ದಲ್ಲ. ಬ್ಯಾಂಕಾಕ್‌ನಿಂದ ಚಿಯಾಂಗ್ ಮಾಯ್‌ಗೆ ರಾತ್ರಿ ರೈಲು ಚೆನ್ನಾಗಿದೆ, ಈಗ ಹೊರಡುವುದು ಕ್ರುಂಗ್ ಥೇಪ್ ಅಫಿವತ್ ಅನ್ನೋ ಹೊಸ ಸ್ಟೇಷನ್‌ನಿಂದ. ಆ ವಾರ ಥಾಯ್ ಜನರೂ ಊರಿಗೆ ಹೋಗುತ್ತಾರೆ, ಸ್ಲೀಪರ್ ಬೇಗ ಖಾಲಿ. ಬುಕಿಂಗ್ ಬಿಟ್ಟ ದಿನವೇ ಕೆಳಗಿನ ಬರ್ತ್ ಹಿಡಿದುಬಿಡಿ, ಹಾಸ್ಟೆಲ್ ಆಮೇಲೆ ನೋಡಿಕೊಳ್ಳಬಹುದು.