ಪದಚರ್ಚೆ: ಸರ್ಕಾರದ ‘ಪರಿಸರಸ್ನೇಹಿ ಖರೀದಿ’ಗೆ ಬೇರೆ ಪದ ಬೇಕು (ತುರ್ತು)

ಅಮೆರಿಕದ ರಾಜ್ಯ ಸರ್ಕಾರಗಳ ಖರೀದಿ ನೀತಿಯ ಕುರಿತ ಲೇಖನವೊಂದನ್ನು ಅನುವಾದಿಸುತ್ತಿದ್ದೇನೆ. ನಾಳೆ ಅಚ್ಚಿಗೆ ಹೋಗಬೇಕು. ‘ಎನ್ವಿರಾನ್‌ಮೆಂಟಲಿ ಪ್ರಿಫರಬಲ್ ಪರ್ಚೇಸಿಂಗ್’ ಎಂಬುದಕ್ಕೆ ‘ಪರಿಸರಸ್ನೇಹಿ ಖರೀದಿ’ ಎಂದು ಬರೆದರೆ ಸಂಪಾದಕರು ಒಪ್ಪುತ್ತಿಲ್ಲ. ಕ್ಯಾಲಿಫೋರ್ನಿಯಾದ 2002ರ ಕಾಯ್ದೆಯ ವಿವರಣೆಯ ಸಾರ ಇದು: ಅದೇ ಉಪಯೋಗಕ್ಕೆ ಬರುವ ಬೇರೆ ಸರಕು, ಸೇವೆಗಳಿಗೆ ಹೋಲಿಸಿದರೆ ಜನರ ಆರೋಗ್ಯದ ಮೇಲೂ ಪರಿಸರದ ಮೇಲೂ ಕಡಿಮೆ ಪರಿಣಾಮ ಬೀರುವಂಥವನ್ನು ಕೊಳ್ಳುವುದು. ತಲೆಬರಹದಲ್ಲೂ ಬರುವ ಪದ, ಉದ್ದವಾಗಬಾರದು.

> ಪರಿಸರಸ್ನೇಹಿ ಖರೀದಿ

ಸಂಪಾದಕರು ಹೇಳುವುದೇ ಸರಿ. ಈ ವಿವರಣೆಯಲ್ಲಿ ಸ್ನೇಹ ಎಲ್ಲಿದೆ? ಇರುವುದು ಹೋಲಿಕೆ. ಉಕ್ಕು ಯಾವ ಪರಿಸರಕ್ಕೆ ಸ್ನೇಹಿ? ಆದರೂ ಅದೇ ರಾಜ್ಯ 2017ರಲ್ಲಿ ಇನ್ನೊಂದು ಕಾಯ್ದೆ ತಂದು, ಸರ್ಕಾರಿ ಕಾಮಗಾರಿಗೆ ಕೊಳ್ಳುವ ಕಟ್ಟಡದ ಉಕ್ಕು, ಕಾಂಕ್ರೀಟಿನ ಕಂಬಿ, ಗಾಜು, ಶಾಖ ತಡೆಯುವ ಖನಿಜ ಉಣ್ಣೆ ಈ ನಾಲ್ಕರ ತಯಾರಿಕೆಯಲ್ಲಿ ಹೊರಬೀಳುವ ಹಸಿರುಮನೆ ಅನಿಲಕ್ಕೆ ಮಿತಿ ಗೊತ್ತುಪಡಿಸಲು ಹೊರಟಿತು. ಇರುವುದರಲ್ಲಿ ಕಡಿಮೆ ಕೆಡುಕಿನದನ್ನು ಆರಿಸುವ ಕೆಲಸ ಇದು. ‘ಪರಿಸರ ಆದ್ಯತೆಯ ಖರೀದಿ’ ಎಂದು ಬರೆಯಿರಿ.

> ಪರಿಸರ ಆದ್ಯತೆಯ ಖರೀದಿ

ಎರಡು ಪದ ಸಂಸ್ಕೃತ, ಒಂದು ಪಾರಸಿ. ಕನ್ನಡದ್ದು ಷಷ್ಠಿ ಪ್ರತ್ಯಯ ಮಾತ್ರ. ‘ಹಸಿರು ಕೊಳ್ಳಿಕೆ’ ಸಾಕು. ‘ಕೊಳ್’ ಹಳಗನ್ನಡದ ಧಾತು. ಹಿಡಿ, ಪಡೆ, ಬೆಲೆ ಕೊಟ್ಟು ತೆಗೆದುಕೊ, ಎಲ್ಲ ಅರ್ಥವೂ ಅದಕ್ಕಿದೆ. ‘ಕೊಳ್ಳೆ’ಯೂ ಅದರದೇ ಕವಲು. ಪ್ರಶ್ನೆ ಕೇಳಿದವರೇ ವಿವರಣೆಯಲ್ಲಿ ‘ಕೊಳ್ಳುವುದು’ ಎಂದು ಬರೆದಿದ್ದಾರೆ. ತಲೆಬರಹಕ್ಕೆ ಬಂದ ಕೂಡಲೇ ಪಾರಸಿ ಏಕೆ ಬೇಕಾಯಿತು?

> ಕೊಳ್ಳಿಕೆ

ನನಗೆ ಕೇಳಿಸುವುದು ‘ಕೊಳ್ಳಿ’. ಪರಿಸರದ ಲೇಖನಕ್ಕೆ ಬೆಂಕಿ ಇಡಬೇಡಿ. ಸರ್ಕಾರದ ಟೆಂಡರುಗಳಿಗೂ ‘ಕೊಳ್ಳೆ’ಗೂ ನಂಟು ಕಲ್ಪಿಸಿದ್ದಕ್ಕೆ ಮಾತ್ರ ಧನ್ಯವಾದ. ಅಂದಹಾಗೆ ‘ಸರ್ಕಾರ’ವೂ ಪಾರಸಿಯೇ, ಅದನ್ನು ಎಲ್ಲಿಗೆ ಕಳುಹಿಸುತ್ತೀರಿ? ‘ಹಸಿರು’ ಎಂದರೆ ಹೋಲಿಕೆಯ ಅರ್ಥವೂ ಹೋಯಿತು. ಸರ್ಕಾರಿ ಖರೀದಿಗೆ ಕರ್ನಾಟಕದ 1999ರ ಪಾರದರ್ಶಕತೆ ಕಾಯ್ದೆ ಬಳಸುವ ‘ಸಂಗ್ರಹಣೆ’ ಎಂಬ ಪದವನ್ನು ಯಾರಾದರೂ ಸೂಚಿಸುವ ಮೊದಲೇ ಹೇಳಿಬಿಡುತ್ತೇನೆ: ಓದುಗರು ಗೋದಾಮು ತುಂಬುವುದೆಂದು ತಿಳಿಯುತ್ತಾರೆ.

‘ಪರಿಸರ ಆದ್ಯತೆಯ ಖರೀದಿ’ ಎಂದೇ ಕಳುಹಿಸುತ್ತಿದ್ದೇನೆ. ಸಂಪಾದಕರು ಕಾಯುತ್ತಿದ್ದಾರೆ.

ಕಳುಹಿಸಿ. ಖರೀದಿದಾರ, ಖರೀದಿ ಸಮಿತಿ, ಖರೀದಿ ಆದೇಶ ಎಲ್ಲವೂ ಬಳಕೆಯಲ್ಲಿವೆ. ಕೊಳ್ಳಿಕೆಯವರ ಬಳಿ ಏನಿದೆ?

> ಏನಿದೆ?

‘ಕೊಳ್ಳುಗ’ ಇದ್ದಾನೆ. ಸಮಿತಿ, ಆದೇಶಗಳನ್ನು ನಾಳೆ ಕಟ್ಟಿ ಕಳುಹಿಸುತ್ತೇನೆ.