ಚಿನ್ನದ ನ್ಯಾನೋಕಣಗಳಿಂದ ಡಿಎನ್‌ಎ ಪತ್ತೆ: ಪೂರಕವಲ್ಲದ ಎಳೆಗೂ ಪೀಕ್ ಬರುತ್ತಿರುವುದೇಕೆ?

ಪ್ರಶ್ನೆ:
ನಮಸ್ಕಾರ. ಸ್ಕ್ರೀನ್-ಪ್ರಿಂಟೆಡ್ (ಅಚ್ಚೊತ್ತಿ ತಯಾರಿಸಿದ) ಕಾರ್ಬನ್ ಎಲೆಕ್ಟ್ರೋಡಿನ ಮೇಲೆ ಪ್ರೋಬ್ (ಹುಡುಕುವ ಎಳೆಯನ್ನು ಹಿಡಿಯುವ ತುಣುಕು) ಡಿಎನ್‌ಎ ಕೂರಿಸಿ, ಹುಡುಕುವ ಎಳೆ ಅದಕ್ಕೆ ಜೋಡಿಯಾದ ಮೇಲೆ, 20 ನ್ಯಾನೋಮೀಟರ್ ಚಿನ್ನದ ಕಣಗಳನ್ನು ಹೊತ್ತ ಎರಡನೆಯ ಪ್ರೋಬನ್ನು ಸೇರಿಸುತ್ತಿದ್ದೇನೆ. ಬಳಿಕ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ 1.25 ವೋಲ್ಟ್ ಕೊಟ್ಟು ಚಿನ್ನವನ್ನು ಉತ್ಕರ್ಷಿಸಿ, 0.4 ವೋಲ್ಟ್ ಆಸುಪಾಸಿನ ಅಪಕರ್ಷಣ ಪೀಕನ್ನು (ವಿದ್ಯುತ್ ಪ್ರವಾಹದ ಏರುಶಿಖರವನ್ನು) ಅಳೆಯುತ್ತೇನೆ. ಪೂರಕವಲ್ಲದ, ಅಂದರೆ ಪ್ರೋಬಿಗೆ ಜೋಡಿಯಾಗದ ಡಿಎನ್‌ಎ ಹಾಕಿದಾಗಲೂ ಪೀಕ್ ಹೆಚ್ಚುಕಡಿಮೆ ಅಷ್ಟೇ ಎತ್ತರವಿರುತ್ತದೆ. ಸಂಕೇತವನ್ನು ಹಿಗ್ಗಿಸಲು ಕಣಗಳ ಮೇಲೆ ಬೆಳ್ಳಿ ಬೆಳೆಸಿದರೆ ವ್ಯತ್ಯಾಸ ಕಂಡೀತೇ?

ಉತ್ತರ 1:
ಬೆಳ್ಳಿಯನ್ನು ಸದ್ಯಕ್ಕೆ ಬದಿಗಿಡುವುದು ಒಳಿತು. ನಿಮಗೆ ಸಂಕೇತದ ಕೊರತೆಯಿಲ್ಲ, ಹಿನ್ನೆಲೆಯೇ ಹೆಚ್ಚಾಗಿದೆ. 20 ನ್ಯಾನೋಮೀಟರ್ ವ್ಯಾಸದ ಒಂದೇ ಕಣದಲ್ಲಿ ಸುಮಾರು ಎರಡೂವರೆ ಲಕ್ಷ ಚಿನ್ನದ ಪರಮಾಣುಗಳಿದ್ದು, ಕರಗಿದ ಪ್ರತಿ ಪರಮಾಣುವೂ ಮರಳಿ ಲೋಹವಾಗುವಾಗ ಮೂರು ಎಲೆಕ್ಟ್ರಾನುಗಳನ್ನು ಪಡೆಯುವುದರಿಂದ, ಡಿಎನ್‌ಎಯ ಹಂಗಿಲ್ಲದೆ ಕಾರ್ಬನ್ನಿಗೆ ನೇರವಾಗಿ ಅಂಟಿಕೊಂಡ ಕಣಗಳೂ ಅಷ್ಟೇ ಜೋರಾಗಿ ಸಂಕೇತ ಕೊಡುತ್ತವೆ. ಈ ವಿಧಾನದ ಶಕ್ತಿಯೂ ಅದೇ, ತೊಡಕೂ ಅದೇ. ಮೊದಲು ಹುಡುಕುವ ಎಳೆಯನ್ನೇ ಹಾಕದೆ ಅಳೆದು ನೋಡಿ. ಆಗಲೂ ಪೀಕ್ ಬಂದರೆ, ಬಿಎಸ್‌ಎ (ಹಸುವಿನ ರಕ್ತದ ಅಲ್ಬುಮಿನ್ ಪ್ರೋಟೀನ್) ಬಳಸಿ ಖಾಲಿ ಜಾಗವನ್ನು ಮುಚ್ಚಿ, ಟ್ವೀನ್-20 ಎಂಬ ಮಾರ್ಜಕ ಸೇರಿಸಿದ ಬಫರಿನಲ್ಲಿ (ಆಮ್ಲೀಯತೆ ಸುಲಭವಾಗಿ ಬದಲಾಗದ ದ್ರಾವಣದಲ್ಲಿ) ತೊಳೆಯಿರಿ.

ಉತ್ತರ 2:
ಮೇಲಿನವರ ಮಾತು ಸರಿ, ಆದರೆ ಜೋಡಣೆಯನ್ನು ಎಲೆಕ್ಟ್ರೋಡಿನ ಮೇಲೆಯೇ ಮಾಡಬೇಕೆಂಬ ಕಡ್ಡಾಯವೇನೂ ಇಲ್ಲ. ಸ್ಟ್ರೆಪ್ಟಾವಿಡಿನ್ ಎಂಬ ಪ್ರೋಟೀನ್ ಲೇಪಿತ ಕಾಂತೀಯ ಮಣಿಗಳಿಗೆ, ಅದಕ್ಕೆ ಗಟ್ಟಿಯಾಗಿ ಅಂಟುವ ಬಯೋಟಿನ್ ಇರುವ ಪ್ರೋಬನ್ನು ಕಟ್ಟಿ, ಟ್ಯೂಬಿನಲ್ಲೇ ಜೋಡಣೆ ಮುಗಿಸಿ, ಪ್ರತಿ ಬಾರಿಯೂ ಮಣಿಗಳನ್ನು ಅಯಸ್ಕಾಂತದಿಂದ ಗೋಡೆಗೆ ಎಳೆದು ನೀರನ್ನು ಬಸಿದು ಚೆನ್ನಾಗಿ ತೊಳೆದ ನಂತರವೇ ಅವನ್ನು ಎಲೆಕ್ಟ್ರೋಡಿಗೆ ತಂದರೆ, ಬಿಡಿ ಕಣಗಳು ಕಾರ್ಬನ್ನಿನ ಹತ್ತಿರವೇ ಸುಳಿಯುವುದಿಲ್ಲ. 2001ರಲ್ಲಿ ಜೋಸೆಫ್ ವಾಂಗ್ ಅವರ ತಂಡವೂ ಚಿನ್ನದ ಕಣಗಳೊಂದಿಗೆ ಕಾಂತೀಯ ಮಣಿಗಳನ್ನೇ ಬಳಸಿತ್ತು. ನನ್ನ ಅಭಿಪ್ರಾಯದಲ್ಲಿ ನಿಮ್ಮ ಸಮಸ್ಯೆಗೆ ಇದಕ್ಕಿಂತ ನೇರವಾದ ದಾರಿಯಿಲ್ಲ.

ಉತ್ತರ 3:
ಬೆಳ್ಳಿಯನ್ನು ಪೂರ್ತಿ ತಳ್ಳಿಹಾಕಬೇಡಿ. 2002ರಲ್ಲಿ ಚಾಡ್ ಮಿರ್ಕಿನ್ ಅವರ ತಂಡವು ಎರಡು ಎಲೆಕ್ಟ್ರೋಡುಗಳ ನಡುವಿನ ಕಿರಿದಾದ ತೆರಪಿನಲ್ಲಿ ಚಿನ್ನದ ಕಣಗಳ ಮೇಲೆ ಬೆಳ್ಳಿ ಬೆಳೆಸಿ, ವಿದ್ಯುತ್ ಹರಿಯುವಂತೆ ಮಾಡಿ, 500 ಫೆಮ್ಟೋಮೋಲಾರ್‌ನಷ್ಟು (ಅತಿ ಸಣ್ಣ ಸಾಂದ್ರತೆಯ ಅಳತೆ) ಕಡಿಮೆ ಡಿಎನ್‌ಎಯನ್ನು ಪತ್ತೆ ಮಾಡಿತ್ತು. ಅಲ್ಲಿ ತಪ್ಪು ಜೋಡಿಗಳನ್ನು ಬೇರ್ಪಡಿಸಿದ್ದು ಕಡಿಮೆ ಉಪ್ಪಿನ ಬಫರಿನ ತೊಳೆತ. ಬೆಳ್ಳಿಯ ಸರದಿ ಬಂದದ್ದು ಅದಾದ ಮೇಲೆ. ಇನ್ನೊಂದು ಮಾತು: ಕಣಗಳಿಗೆ ಥಯೋಲ್-ಡಿಎನ್‌ಎ (ಚಿನ್ನಕ್ಕೆ ಅಂಟುವ ಗಂಧಕದ ತುದಿಯಿರುವ ಡಿಎನ್‌ಎ) ಕಟ್ಟುವಾಗ ಉಪ್ಪನ್ನು ಒಮ್ಮೆಲೇ ಸುರಿಯದೆ, ಗಂಟೆಗಟ್ಟಲೆ ಬಿಡುವು ಕೊಟ್ಟು ಸ್ವಲ್ಪಸ್ವಲ್ಪವಾಗಿ ಸೇರಿಸಬೇಕು. ದ್ರಾವಣದ ಕೆಂಪು ನೇರಳೆಗೆ ತಿರುಗಿದ್ದರೆ ಕಣಗಳು ಗುಂಪುಗಟ್ಟಿವೆ ಎಂದರ್ಥ; ಆ ದ್ರಾವಣವನ್ನು ಬಳಸಬೇಡಿ.